x ಅಂದ್ರ ಇನ್ನೂ ಬರದ ಗಿರಾಕಿ

ಕೊಟ್ಟೂರಿನಾಗ ಹತ್ತನೇ ಕ್ಲಾಸ್ ಓದುವಾಗ p(x) ಅನ್ನೋದು ನನ್ನ ಪ್ರಾಣ ಹಿಂಡಿತ್ತು. ಕಂಸ ಕಂಡ್ರ ಗುಣಿಸಬೇಕು ಅಂತ ಕೆಳಗಿನ ಕ್ಲಾಸಿನಾಗ ಕಲಿಸಿದ್ರಲ್ಲ, ನಾನೂ ಹಂಗ ಗುಣಿಸಿದೆ. p(2) = 10 ಅಂತ ಕೊಟ್ಟಿದ್ರ, p ಅಂದ್ರ 5 ಅಂತ ಬರದು ಕೆಳಗ ಗೆರಿ ಬೇರೆ ಎಳದಿದ್ದೆ. ಏನ್ ಶಾಣ್ಯಾತನ ನಂದು!

ಅರ್ಧವಾರ್ಷಿಕ ಪರೀಕ್ಷಿಯಾಗ ಗಣಿತ ಹೋತು. ಮನಿಯಾಗ ಜಂಪರ್ ಹೊಲಿತಿದ್ದ ಅವ್ವ ಬೈಲಿಲ್ಲ. ತಲಿಗೆ ಹತ್ತದ ಓದಿಗಿಂತ ಕೈಗೆ ಹತ್ತಿದ ಕೆಲಸ ಚಲೋ ಅಂದು, ಸಾಲಿ ಬಿಡಿಸಿ ಮಿಷಿನ್ ಬಾಜು ಕುಂದ್ರಿಸಿಕೊಂಡಳು. ಬೈದಿದ್ರರ ಚಲೋ ಇತ್ತು. ಹಿತ್ತಲಿಗೆ ಹೋಗಿ ಗೋಳೋ ಅಂತ ಅತ್ತುಬಿಟ್ಟೆ.

ವಾರದಾಗ ಗಣಿತದ ಟೀಚರ್ ಮನಿಗೇ ಬಂದ್ರು. ದಿನಾ ಹಗರಿಬೊಮ್ಮನಹಳ್ಳಿಯಿಂದ ಓಡಾಡೋರು, ಅವತ್ತು ಸಂಜಿ ಬಸ್ ಬಿಟ್ಟು ಬಂದಿದ್ರು ಪುಣ್ಯಾತ್ಗಿತ್ತಿ. ಅವ್ವ ಜಗಳಕ್ಕ ತಯಾರಾಗೇ ಕುಂತಿದ್ಲು. ಟೀಚರ್ ಸಾಲಿ ಸುದ್ದಿನೇ ಎತ್ತಲಿಲ್ಲ. ಬ್ಯಾಗಿನಿಂದ ಒಂದು ಜಂಪರ್ ಪೀಸ್ ತಗದು ನನ್ನ ಮುಂದ ಹಾಸಿ, ಇದನ್ನ ಹೆಂಗ ಕತ್ತರಿಸ್ತಿ ಅಂತ ಕೇಳಿದ್ರು. ಎದಿ ಸುತ್ತಳತಿ ನಾಕು ಪಾಲು ಮಾಡಿ, ಒಂದು ಪಾಲಿಗೆ ಎರಡಿಂಚು ಕೂಡಿಸ್ತೀನ್ರಿ ಅಂದೆ. ಮೂವತ್ತಾರಿದ್ರ? ಹನ್ನೊಂದು. ನಲವತ್ತಿದ್ರ? ಹನ್ನೆರಡು. ಅವರು ಸೀಮೆಸುಣ್ಣ ತಗೊಂಡು ಬಟ್ಟಿ ಮ್ಯಾಲೇ p(36) = 11, p(40) = 12 ಅಂತ ಬರದ್ರು.

"ಇದರಾಗ p ಎಷ್ಟು ಹೇಳವಾ?"

ನನಗ ನಗು ಬಂತು. "p ಎಷ್ಟೂ ಅಲ್ರಿ ಟೀಚರ್, ಅದು ಕತ್ತರಿಸೋ ಪದ್ಧತಿ. ಕಂಸದಾಗ ಯಾರ ಅಳತಿ ಬರ್ತೈತೋ ಅವರ ಜಂಪರ್ ಆಗ್ತೈತಿ."

"ಮತ್ತ ಪರೀಕ್ಷಿಯಾಗ ಅದಕ್ಕ ಐದು ಅಂತ ಯಾಕ ಬರದಿ?"

ಅಯ್ಯ ಶಿವನೇ, ಇಷ್ಟೇನಾ! x ಅಂದ್ರ ಇನ್ನೂ ಬರದ ಗಿರಾಕಿ. ಯಾರೇ ಬರಲಿ, x ಇದ್ದಲ್ಲೆಲ್ಲ ಅವರ ಅಳತಿ ಇಟ್ರಾತು. ಇದನ್ನ ನನ್ನ ಬಾಯಿಂದಾನ ಹೊರಡಿಸಿದ್ರು ಆ ತಾಯಿ. ದಡ್ಡಿ ಅಂತ ಒಂದು ಮಾತು ಅನ್ನಲಿಲ್ಲ. ಅವರ ಋಣ ಏಳು ಜನ್ಮಕ್ಕೂ ತೀರಂಗಿಲ್ಲ ನೋಡ್ರಿ.

ಅವ್ವ ಎಷ್ಟೊತ್ತಿಗೆ ಮಿಷಿನ್ ನಿಲ್ಲಿಸಿದ್ಲೋ ಗೊತ್ತಿಲ್ಲ. ಎದ್ದು ಬಂದು ಆ ಪೀಸ್ ನನ್ನ ಮುಂದಿಂದ ಎಳಕೊಂಡಳು.

"ಇದನ್ನ ನಾನ ಹೊಲಿತೀನ್ರಿ ಟೀಚರ್," ಅಂದಳು. "ಇಕಿ ನಾಳಿಯಿಂದ ಸಾಲಿಗೆ ಬರ್ತಾಳ."