ಸಮುರಾಯ್ ಶಾಂತಪ್ಪಣ್ಣ

ದೆವ್ವವನ್ನು ಕತ್ತರಿಸಿ ಹಾಕಿದ ಮೇಲೆ ಅದಕ್ಕೇ ಕೈಮುಗಿಯುವ ಮನುಷ್ಯನೆಂದರೆ ನಾನು ಕಂಡಂತೆ ಶಾಂತಪ್ಪಣ್ಣ ಒಬ್ಬರೇ. ಟಿ.ವಿ. ಪರದೆಯ ಮೇಲೆ ಒಕ್ಕಣ್ಣಿನ ರಾಕ್ಷಸ ನೆಲಕ್ಕುರುಳಿದ ಕೂಡಲೇ ವಿಡಿಯೋ ಗೇಮಿನ ಕಂಟ್ರೋಲರನ್ನು ಮಡಿಲಲ್ಲಿಟ್ಟು, ಕನ್ನಡಕ ಸರಿಮಾಡಿಕೊಂಡು, "ಹೋಗಪ್ಪ, ಇನ್ನಾದ್ರೂ ನೆಮ್ಮದಿಯಾಗಿರು" ಎಂದು ಕೈ ಜೋಡಿಸುತ್ತಿದ್ದರು. ನಾನು ನಕ್ಕರೆ ರೇಗುತ್ತಿದ್ದರು. "ನಗಬೇಡಿ ಸಾಹೇಬ್ರೆ. ಪಾಪ, ಇದಕ್ಕೆ ಯಾರೂ ಒಂದು ನೆಲೆ ಕೊಟ್ಟಿಲ್ಲ, ಅದಕ್ಕೇ ಹಿಂಗೆ ಅಲೀತದೆ. ನಮ್ಮ ಕೊಡಗಲ್ಲಾಗಿದ್ರೆ ಮರದ ಬುಡದಲ್ಲೊಂದು ಕಲ್ಲಿಟ್ಟು, ವರ್ಷಕ್ಕೊಂದು ಕೋಳಿ ಕೊಟ್ಟು ಕೂರಿಸ್ತಿದ್ರು. ನಾನು ಕೋಳಿ ತಿನ್ನೋನಲ್ಲ, ಅದು ಬೇರೆ ಮಾತು!"

ಪೊನ್ನಂಪೇಟೆಯಲ್ಲಿ ಅವರದು ಟಿ.ವಿ. ರಿಪೇರಿ ಅಂಗಡಿ. ನಾನು ಅಲ್ಲಿನ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ, ಅಂಗಡಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಗುಮಾಸ್ತನಿಗೂ 'ಸಾಹೇಬ್ರೆ' ಎನ್ನುವುದು ಅವರ ತಮಾಷೆ. ಶನಿವಾರಸಂತೆ ಕಡೆಯವರು, ಅರವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಗಿರಾಕಿ ಕೊಡವ ತಕ್ಕಿನಲ್ಲಿ ಬೈಯಲಿ, ಮಲಯಾಳಂನಲ್ಲಿ ಗೋಗರೆಯಲಿ, ಇವರ ಉತ್ತರ ಮಾತ್ರ ತಮ್ಮೂರ ಕಡೆಯ ಕನ್ನಡದಲ್ಲೇ.

ಅವರಿಗೊಂದು ಹೆಮ್ಮೆಯಿತ್ತು. ತಾವೇ ತಂತಿ ಸುತ್ತಿ, ಹಸಿರು ಬಣ್ಣ ಬಳಿದು ಮಾಡುತ್ತಿದ್ದ ಸ್ಟೆಬಿಲೈಸರ್. ಮಳೆಗಾಲದಲ್ಲಿ ನಮ್ಮ ಕಡೆಯ ಕರೆಂಟು ಕುಡಿದವನ ಹಾಗೆ ಏರುತ್ತ ಬೀಳುತ್ತ ಬರುತ್ತದೆ. ಅದನ್ನು ಹಿಡಿದು ನಿಲ್ಲಿಸುವ ಆ ಪೆಟ್ಟಿಗೆ ಸುತ್ತಲಿನ ಎಷ್ಟೋ ಮನೆಗಳಲ್ಲಿತ್ತು. "ಸಿಡಿಲಿಗೆ ನಾನು ಜವಾಬ್ದಾರನಲ್ಲ, ಕರೆಂಟಿಗೆ ನಾನೇ ಜವಾಬ್ದಾರ" ಎಂದು ಹೇಳಿಯೇ ಕೊಡುತ್ತಿದ್ದರು.

ಗೇಮಿನ ಯಂತ್ರ ಬಂದದ್ದು ಬಿಟ್ಟಂಗಾಲದ ಒಂದು ಎಸ್ಟೇಟ್ ಮನೆಯಿಂದ, ರಿಪೇರಿಗೆ. ಇವರು ಸರಿಮಾಡಿ ಹೇಳಿಕಳಿಸುವಷ್ಟರಲ್ಲಿ ಆ ಮನೆಯವರು ಹೊಸದನ್ನು ಕೊಂಡಿದ್ದರು, ನೀವೇ ಇಟ್ಟುಕೊಳ್ಳಿ ಎಂದುಬಿಟ್ಟರು. ಒಳಗೊಂದು ಡಿಸ್ಕ್ ಇತ್ತು: ಸಮುರಾಯ್ ಆಟದ ಎರಡನೇ ಭಾಗ. ಮೊದಲ ಭಾಗದ ಕಥೆ ಗೊತ್ತಿಲ್ಲದೆ ಏನೂ ಅರ್ಥವಾಗುವುದಿಲ್ಲ ಎಂದೆ. "ಕತ್ತಿ ಇದೆ, ದೆವ್ವ ಇದೆ. ಇನ್ನೆಂತ ಅರ್ಥ ಆಗ್ಬೇಕು?" ಎಂದರು.

ಸಂಜೆ ಬಾಗಿಲು ಹಾಕಿದ ಮೇಲೆ ಒಂದು ಗಂಟೆ ಆಟ. ನಾನು ಕತ್ತಿ ಬೀಸುತ್ತ ನುಗ್ಗಿ ಸಾಯುತ್ತಿದ್ದೆ. ಅವರು ನುಗ್ಗುವವರೇ ಅಲ್ಲ. ದೆವ್ವದ ಸುತ್ತ ಸುಮ್ಮನೆ ಓಡಾಡಿ, ಅದು ಹೇಗೆ ತಿರುಗುತ್ತದೆ, ಎಲ್ಲಿ ಉಸಿರು ಬಿಡುತ್ತದೆ ಎಂದು ನೋಡಿ, ಸತ್ತು, ರಿಪೇರಿ ಪುಸ್ತಕದ ಹಿಂಬದಿಯಲ್ಲಿ ಬರೆದಿಡುತ್ತಿದ್ದರು: 'ಉದ್ದ ಕತ್ತಿನವಳು. ಎಡಕ್ಕೆ ತಿರುಗಿದ ಮೇಲೆ ಮೂರು ಎಣಿಸು.' "ಎಲ್ಲದರಲ್ಲೂ ಒಂದು ಲೂಸ್ ಕನೆಕ್ಷನ್ ಇರ್ತದೆ ಸಾಹೇಬ್ರೆ. ಅದು ಸಿಗೋವರೆಗೂ ಕೈ ಹಾಕಬಾರದು." ಹೀಗೆ ಆಡುತ್ತ ಆಡುತ್ತ ವರ್ಷವಾಗುವ ಹೊತ್ತಿಗೆ ಕೊನೆಯ ದೆವ್ವದ ಬಾಗಿಲಿಗೆ ಬಂದು ನಿಂತಿದ್ದರು. "ಅಕ್ಕನ್ನ ನೋಡ್ಕೊಂಡು ಬರ್ತೀನಿ. ಬಂದ ಮೇಲೆ ಇವನನ್ನ ನೋಡೋಣ. ನೀವೂ ಪಕ್ಕದಲ್ಲಿರ್ಬೇಕು" ಎಂದು ಅಂಗಡಿಯ ಕೀಲಿ ನನ್ನ ಕೈಗಿಟ್ಟು ಶನಿವಾರಸಂತೆಗೆ ಹೋದರು.

ಆ ಭಾನುವಾರ ಕಚೇರಿಯ ಇಬ್ಬರು ಗೆಳೆಯರನ್ನು ಕರೆದುಕೊಂಡು ಬಂದೆ. ನನ್ನ ಕೈಚಳಕ ತೋರಿಸುವ ಚಪಲ. ಮೊದಲಿನಿಂದ ಶುರುಮಾಡಲು ಹೋದಾಗ, ಉಳಿಸಿಟ್ಟ ಹಳೆಯ ಆಟವನ್ನು, ಅಂದರೆ ಶಾಂತಪ್ಪಣ್ಣ ವರ್ಷವಿಡೀ ಆಡಿದ್ದನ್ನು, ಅಳಿಸಿ ಅದರ ಮೇಲೆ ಬರೆಯಲೇ ಎಂದು ಯಂತ್ರ ಕೇಳಿತು. ಓದಿದೆ. ಓದಿಯೇ ಒತ್ತಿದೆ. ಮುದುಕರಿಗೆ ಇನ್ನೇನು ಕೆಲಸ, ಮತ್ತೆ ಆಡುತ್ತಾರೆ ಅಂದುಕೊಂಡೆ. ಛೆ! ಆ ಮಾತು ನೆನಪಾದರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಎನಿಸುತ್ತದೆ. ಗೆಳೆಯರು ಹೋದ ಮೇಲೆ ನನ್ನ ಆಟವನ್ನೂ ಅಳಿಸಿ, ಏನೂ ಗೊತ್ತಿಲ್ಲದವನಂತೆ ಬೀಗ ಹಾಕಿದೆ.

ಮರುದಿನ ಶಾಂತಪ್ಪಣ್ಣ ಬಂದರು. ಯಂತ್ರ ಹಾಕಿ ನೋಡಿದರೆ ಅವರ ಆಟವೇ ಇಲ್ಲ. ನಾನು ಸಿದ್ಧಮಾಡಿಕೊಂಡಿದ್ದ ಸುಳ್ಳನ್ನು ಹೇಳಿದೆ. "ನಿನ್ನೆ ಸುಮ್ನೆ ಆನ್ ಮಾಡಿದ್ದೆ ಅಣ್ಣ. ವೋಲ್ಟೇಜ್ ಒಂದೇ ಸಲ ಕುಣೀತು. ಆಫ್ ಆಗಿ ಆನ್ ಆಯ್ತು. ಅಷ್ಟರಲ್ಲಿ ಎಲ್ಲಾ ಹೋಗಿತ್ತು."

"ಸ್ಟೆಬಿಲೈಸರ್ ಹಾಕಿತ್ತಲ್ಲ?"

"ಹಾಕಿತ್ತು ಅಣ್ಣ. ಆದ್ರೂ..."

ಆಟದ ವಿಷಯವನ್ನು ಅವರು ಅಲ್ಲಿಗೇ ಬಿಟ್ಟರು. ಸ್ಟೆಬಿಲೈಸರ್ ಬಿಚ್ಚಿಕೊಂಡು ಕೂತರು. ಎರಡು ದಿನ ತಂತಿ ತಂತಿಯನ್ನೂ ಪರೀಕ್ಷಿಸಿದರು. ದೋಷವಿದ್ದರೆ ತಾನೇ ಸಿಗುವುದು! ಮೂರನೆಯ ದಿನ ಮುಖ ಸಣ್ಣದು ಮಾಡಿಕೊಂಡು, "ತಪ್ಪು ಕಾಣ್ತಿಲ್ಲ ಅಂದ್ರೆ ಇನ್ನೂ ಕೆಟ್ಟದ್ದು ಸಾಹೇಬ್ರೆ. ಊರ ತುಂಬಾ ಇದನ್ನೇ ಕೊಟ್ಟಿದ್ದೀನಿ. ಒಂದು ಮನೆ ಫ್ರಿಜ್ಜಲ್ಲಿ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಇದೆ. ನಾಳೆ ಅಲ್ಲಿ ಹಿಂಗಾದ್ರೆ?" ಎಂದರು.

ಆಟೋ ಮಾಡಿಕೊಂಡು ಮನೆಮನೆಗೂ ಹೋಗಿ ತಮ್ಮ ಪೆಟ್ಟಿಗೆಗಳನ್ನೆಲ್ಲ ವಾಪಸು ತಂದರು, ಅವುಗಳ ಜಾಗದಲ್ಲಿ ಕಂಪನಿ ಮಾಲು ಇಟ್ಟರು. ಅವರಿಗೆ ಭಾರ ಎತ್ತಲಾಗುತ್ತಿರಲಿಲ್ಲ. ಹೊತ್ತವನು ನಾನೇ. "ಎಂತಾಯ್ತು ಶಾಂತಪ್ಪ? ಚೆನ್ನಾಗೇ ಉಂಟಲ್ಲ?" ಎಂದು ಜನ ಕೇಳುತ್ತಿದ್ದರು. "ನನ್ನ ಕೈ ಮೇಲೆ ನಂಗೇ ನಂಬಿಕೆ ಹೋಯ್ತು" ಎಂದು ಇವರು ತಲೆ ತಗ್ಗಿಸುತ್ತಿದ್ದರು. ನಾನು ಹಸಿರು ಪೆಟ್ಟಿಗೆಯನ್ನು ಎದೆಗವಚಿಕೊಂಡು ಪಕ್ಕದಲ್ಲೇ ನಿಂತಿರುತ್ತಿದ್ದೆ. ಪ್ರತಿ ಮನೆಯ ಮೆಟ್ಟಿಲಿಳಿಯುವಾಗಲೂ ಮುಂದಿನ ಮನೆ ಬರುವುದರೊಳಗೆ ಹೇಳಿಬಿಡೋಣ ಅಂದುಕೊಳ್ಳುತ್ತಿದ್ದೆ, ಅಷ್ಟೆ. ಕಡೆಯ ಮನೆಯೂ ಮುಗಿಯಿತು.

ಆಮೇಲೆ ಅವರು ತಂತಿ ಸುತ್ತಲಿಲ್ಲ. ರಿಪೇರಿಗೆ ಬಂದದ್ದನ್ನೂ ಬೇರೆ ಅಂಗಡಿಗೆ ಕಳಿಸತೊಡಗಿದರು. ವರ್ಷದೊಳಗೆ ಬಾಗಿಲು ಮುಚ್ಚಿ ಅಕ್ಕನ ಮನೆ ಸೇರಿದರು. ನನಗೂ ವರ್ಗವಾಯಿತು.

ಹೋದ ವರ್ಷ ಅವರಿಗೆ ಹುಷಾರಿಲ್ಲವೆಂದು ತಿಳಿದು ಶನಿವಾರಸಂತೆಗೆ ಹೋದೆ. ಜಗಲಿಯಲ್ಲಿ ಕೂತಿದ್ದರು, ಕಾಲು ಬಾತಿತ್ತು. ಒಂದೇ ಉಸಿರಿಗೆ ಹೇಳಿದೆ. "ಕರೆಂಟಿಗೆ ಏನೂ ಆಗಿರ್ಲಿಲ್ಲ ಅಣ್ಣ. ನಾನೇ ಅಳಿಸಿದ್ದು. ಗೊತ್ತಿದ್ದೇ ಅಳಿಸಿದ್ದು."

ಬೈಯುತ್ತಾರೆಂದು ಕಾದೆ. ಅವರು ಮುಂದಕ್ಕೆ ಬಾಗಿದರು. "ಹಂಗಾದ್ರೆ ನನ್ನ ಸ್ಟೆಬಿಲೈಸರ್ ಕೆಟ್ಟಿರ್ಲಿಲ್ವಾ?"

"ಇಲ್ಲ ಅಣ್ಣ."

"ಅಕ್ಕಾ! ಬಾ ಇಲ್ಲಿ!" ಎಂದು ಕೂಗಿದರು. "ಸಾಹೇಬ್ರೆ, ಅಕ್ಕನಿಗೂ ಇನ್ನೊಂದ್ಸಲ ಹೇಳಿ."

ಸೆರಗಿಗೆ ಕೈ ಒರೆಸುತ್ತ ಬಂದು ನಿಂತ ಅಕ್ಕನ ಮುಂದೆ ಎಲ್ಲವನ್ನೂ ಮತ್ತೆ ಹೇಳಿದೆ. ಶಾಂತಪ್ಪಣ್ಣ ಪ್ರತಿ ಮಾತಿಗೂ ನಗುತ್ತ ತಲೆಯಾಡಿಸುತ್ತಿದ್ದರು. ಅವರು ಅಷ್ಟು ಖುಷಿಪಟ್ಟದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ, ನನಗೆ ನೆಲ ಬಾಯಿಬಿಡಬಾರದೇ ಅನಿಸಿತು.

"ಇದನ್ನ ಹೇಳೋಕೆ ಇಷ್ಟು ವರ್ಷ ಬೇಕಾಯ್ತಾ ನಿಮಗೆ?" ಎಂದರು ಅಕ್ಕ.

"ಬೈಬೇಡ ಅಕ್ಕ, ಬಂದು ಹೇಳಿದ್ರಲ್ಲ" ಎಂದು ಶಾಂತಪ್ಪಣ್ಣ ನನ್ನ ಕೈ ಹಿಡಿದುಕೊಂಡರು. "ಒಂದು ಉಪಕಾರ ಮಾಡಿ ಸಾಹೇಬ್ರೆ. ನಾವು ಹೋಗಿದ್ವಲ್ಲ, ಆ ಮನೆಗಳಿಗೆ ಒಂದ್ಸಲ ಹೋಗಿ, ಶಾಂತಪ್ಪನ ಕೆಲಸ ಸರಿಯಾಗೇ ಇತ್ತು ಅಂತ ಹೇಳಿಬಿಡಿ."

ಹೇಳ್ತೀನಿ ಅಣ್ಣ ಎಂದೆ.

ಹದಿನೈದು ದಿನಕ್ಕೆ ಅವರು ತೀರಿಕೊಂಡರು. ನಾನು ಇನ್ನೂ ಒಂದು ಮನೆಗೂ ಹೋಗಿಲ್ಲ.