ಏಳು ಗಂಟೆಯ ಮೇವು

ವಿಲ್ಮಾ ಹೈನ್ರಿಕ್ ಯಾರ ಕೋಳಿಶೆಡ್ಡಿಗೂ ಬಾಗಿಲು ತಟ್ಟದೆ ಹೋದವಳಲ್ಲ. ತಟ್ಟಿ, ಚರ್ಚಿನ ಕೀರ್ತನೆಯೊಂದನ್ನು ಗುನುಗುತ್ತಲೇ ಒಳಗೆ ಕಾಲಿಡುವಳು. ಸದ್ದಿಲ್ಲದೆ ನುಗ್ಗಿದರೆ ನೆಲದಲ್ಲಿ ಓಡಾಡುವ ಕೋಳಿಗಳು ಬೆದರಿ, ಒಂದೇ ಮೂಲೆಗೆ ಒತ್ತರಿಸಿಕೊಂಡು ಉಸಿರುಗಟ್ಟಿ ಸಾಯುತ್ತವೆ.

"ದೇವರಿಗೂ ಕೋಳಿಗೂ ಒಂದೇ ಹಾಡಾ?" ಎಂದು ಮರ್ರೆ ಬ್ರಿಡ್ಜ್ ಊರಿನ ಸುತ್ತಲಿನ ರೈತರು ಕೆಣಕುತ್ತಿದ್ದರು.

"ಇವಾದ್ರೂ ನಿಮ್ಮ ಹಾಗೆ ಹಿಂದಿನ ಬೆಂಚಲ್ಲಿ ತೂಕಡಿಸಲ್ಲ," ಎನ್ನುವಳು.

ಇಪ್ಪತ್ತೆರಡು ವರ್ಷ ಅವಳೂ ಕೋಳಿಗಳನ್ನು ತಂತಿಯ ಪಂಜರದಲ್ಲಿ ಕೂಡಿಟ್ಟು ಸಾಕುವ ಶೆಡ್ಡಿನಲ್ಲೇ ದುಡಿದವಳು. ದಿನಾ ಬೆಳಿಗ್ಗೆ ಸತ್ತ ಕೋಳಿಗಳನ್ನು ಹೊರಗೆಳೆಯುವುದು ಮೊದಲ ಕೆಲಸ. ಒಮ್ಮೆ ಒಂದು ಕೋಳಿಯ ಉಗುರು ಉದ್ದ ಬೆಳೆದು ತಂತಿಯನ್ನೇ ಸುತ್ತಿಕೊಂಡಿತ್ತು. ಅದನ್ನು ಬಿಡಿಸಲು ಅರ್ಧ ಗಂಟೆ ಹಿಡಿಯಿತು. ತಡವಾಯಿತೆಂದು ಮೇಲ್ವಿಚಾರಕ ಕೂಗಾಡಿದ. ಮರುದಿನ ಅವಳು ಆ ಕೆಲಸಕ್ಕೆ ಹೋಗಲಿಲ್ಲ. ಈಗ ಪಂಜರ ತೆಗೆದ ರೈತರಿಗೆ ಹೊಸ ರೀತಿ ಕಲಿಸಲು ಮೊಟ್ಟೆ ಬೆಳೆಗಾರರ ಸಂಘ ಅವಳನ್ನು ಕಳಿಸುತ್ತದೆ.

ಆ ಸೋಮವಾರ ಅವಳು ಹೋದದ್ದು ಕ್ಲೆಮ್ ನಿಟ್ಶ್ಕೆಯ ಶೆಡ್ಡಿಗೆ. ಕ್ಲೆಮ್ ಭಾನುವಾರ ಚರ್ಚಿನಲ್ಲಿ ಅವಳ ಪಕ್ಕದಲ್ಲೇ ನಿಂತು ಹಾಡುವವನು. ಪಂಜರ ಕಿತ್ತು, ನೆಲಕ್ಕೆ ಮರದ ಹೊಟ್ಟು ಹರಡಿ, ಗೋಡೆಯುದ್ದಕ್ಕೂ ಮೊಟ್ಟೆಯಿಡುವ ಗೂಡು ಕಟ್ಟಿ ಐದು ವಾರವಾಗಿತ್ತು. ಗೂಡುಗಳು ಖಾಲಿ. ಮೊಟ್ಟೆಗಳೆಲ್ಲ ನೆಲದ ಮೇಲೆ, ಹಿಕ್ಕೆ ಮೆತ್ತಿಕೊಂಡು, ತುಳಿದು ಒಡೆದು. ಆರಿಸಿ ಆರಿಸಿ ಹೆಂಡತಿ ಇರ್ಮಾಳ ಸೊಂಟ ಬಿದ್ದುಹೋಗಿತ್ತು.

"ಗುರುವಾರ ಲಾರಿ ಬರುತ್ತೆ," ಎಂದ ಕ್ಲೆಮ್. "ಇವನ್ನೆಲ್ಲ ಮಾರಿ ಮತ್ತೆ ಪಂಜರ ಜೋಡಿಸ್ತೀನಿ. ಸಾಕಾಯ್ತು ಮಾರಾಯ್ತಿ."

ವಿಲ್ಮಾ ಬಕೆಟ್ ಮಗುಚಿ ಹಾಕಿ ಶೆಡ್ಡಿನ ನಡುವೆ ಕುಳಿತಳು.

"ಕೂರೋಕೆ ಸಂಘದವರು ಕಳಿಸಿದ್ರಾ?"

"ಹೂಂ. ನೀನೂ ಕೂತಿದ್ರೆ ನನ್ನ ಕರೆಸೋ ಪ್ರಮೇಯ ಬರ್ತಿರಲಿಲ್ಲ."

ಬೆಳಗಿನ ಆರೂವರೆಗೆ ಕೋಳಿಗಳು ಒಂದೊಂದಾಗಿ ಮೇಲೆ ಹತ್ತಿ ಗೂಡುಗಳಲ್ಲಿ ಇಣುಕತೊಡಗಿದವು. ಕೆಲವು ಒಳಗೆ ಕೂತೂ ಬಿಟ್ಟವು. ಸರಿಯಾಗಿ ಏಳಕ್ಕೆ ಕ್ಲೆಮ್ ಸ್ವಿಚ್ಚು ಒತ್ತಿದ. ತೊಟ್ಟಿಯುದ್ದಕ್ಕೂ ಮೇವು ಎಳೆದು ತರುವ ಸರಪಳಿ ಗಡಗಡಿಸಿತು. ಕೂತಿದ್ದವೂ ಇಣುಕುತ್ತಿದ್ದವೂ ಎಲ್ಲ ಕೆಳಗೆ ಹಾರಿ ಓಡಿದವು. ತಿಂದು ಮುಗಿಸುವಷ್ಟರಲ್ಲಿ ಗೂಡಿಗೆ ಹತ್ತುವ ಹೊತ್ತು ಮೀರಿ, ನಿಂತಲ್ಲೇ ಮೊಟ್ಟೆಯಿಟ್ಟವು.

"ಏಳಕ್ಕೇ ಯಾಕೆ ಮೇವು?"

"ನಮ್ಮಪ್ಪನೂ ಏಳಕ್ಕೇ ಹಾಕ್ತಿದ್ದ."

"ನಿಮ್ಮಪ್ಪನ ಕೋಳಿಗೆ ಎಲ್ಲಿಗೂ ಹೋಗೋದಿರಲಿಲ್ಲ ಕಣೋ. ಇವು ಹೆರಿಗೆಗೆ ಹೊರಟಿವೆ, ನೀನು ಊಟಕ್ಕೆ ಕೂಗ್ತಿದ್ದೀಯ. ಬೆಳಗಿನ ಜಾವ ದೀಪ ಹಾಕಿದ ಕೂಡಲೇ ಒಂದ್ಸಲ ಮೇವು ಕೊಡು. ಆಮೇಲೆ ಹನ್ನೊಂದರ ತನಕ ಸರಪಳಿ ಮುಟ್ಟಬೇಡ."

ಮಂಗಳವಾರ ಏಳಕ್ಕೆ ಅವನು ಬಂದಾಗ ವಿಲ್ಮಾ ಆಗಲೇ ಮೇವು ಹಾಕಿ ಮುಗಿಸಿ, ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತಿದ್ದಳು.

"ಸರಿ ಆ ಕಡೆ. ಇದು ನನ್ನ ಶೆಡ್ಡು."

"ಶೆಡ್ಡು ನಿಂದೇ. ಗುರುವಾರದ ತನಕ ಸ್ವಿಚ್ಚು ನಂದು."

"ಪೊಲೀಸರನ್ನ ಕರೀತೀನಿ!"

"ಕರಿ. ಹಾಗೇ ಪಾದ್ರಿಗೂ ಒಂದು ಮಾತು ಹೇಳು."

ಕ್ಲೆಮ್‌ನ ಮುಖ ಕೆಂಪಾಯಿತು. "ಇಪ್ಪತ್ತೆರಡು ವರ್ಷ ಪಂಜರದ ಕೂಳು ತಿಂದೋಳು, ನನಗೆ ಬುದ್ಧಿ ಹೇಳ್ತೀಯಾ?"

"ಹೌದು, ತಿಂದೆ. ಅದಕ್ಕೇ ಇಲ್ಲಿಂದ ಅಲ್ಲಾಡಲ್ಲ."

ಅವನು ಬಾಗಿಲು ಬಡಿದು ಹೋದ. ಇರ್ಮಾ ಕತ್ತಲ ಮೂಲೆಗಳಿಗೆ ಹಲಗೆ ಅಡ್ಡವಿಟ್ಟು, ನೆಲಕ್ಕೆ ಬಿದ್ದ ಮೊಟ್ಟೆಯನ್ನು ಆಗಿಂದಾಗಲೇ ತೆಗೆಯುತ್ತ ವಿಲ್ಮಾಳ ಜೊತೆಗೆ ನಿಂತಳು. ಬುಧವಾರ ಅವಳೇ ಗಂಡನ ಮುಂದೆ ಬುಟ್ಟಿ ತಂದಿಟ್ಟಳು. ಅರ್ಧವೂ ತುಂಬಿರಲಿಲ್ಲ.

"ಹುಡುಕಿ ಹುಡುಕಿ ಸಾಕಾಯ್ತು. ನೆಲದಲ್ಲಿ ಸಿಕ್ಕಿದ್ದು ಇಷ್ಟೇ ಕಣ್ರೀ. ಮಿಕ್ಕದ್ದೆಲ್ಲ ಗೂಡಲ್ಲಿವೆ."

ಕ್ಲೆಮ್ ಶೆಡ್ಡಿಗೆ ಹೋಗಿ ಗೂಡುಗಳನ್ನು ಒಂದೊಂದಾಗಿ ಇಣುಕಿ ನೋಡಿದ.

ಗುರುವಾರ ಎಂಟಕ್ಕೆ ಲಾರಿ ಅಂಗಳಕ್ಕೆ ಬಂದು ಹಾರ್ನ್ ಹೊಡೆಯಿತು. ಕ್ಲೆಮ್ ಎರಡೂ ಕೈ ಬೀಸುತ್ತ ಓಡಿದ.

"ಹೊಡೀಬೇಡ್ವೋ ಹಾರ್ನು! ಗೂಡಲ್ಲಿ ಕೂತಿವೆ!"

"ಹಾಗಾದ್ರೆ ಕೋಳಿ ತುಂಬೋದು ಯಾವಾಗ?" ಎಂದ ಲಾರಿಯವ.

"ತುಂಬಲ್ಲ. ತಿರುಗಿಸ್ಕೋ. ಮೆಲ್ಲಗೆ."

ಲಾರಿ ಗೇಟು ದಾಟಿದ ಮೇಲೂ ವಿಲ್ಮಾ ಸ್ವಿಚ್ಚು ಬಿಟ್ಟು ಕದಲಲಿಲ್ಲ. ಹನ್ನೊಂದಕ್ಕೆ ಇನ್ನೂ ಮೂರು ಗಂಟೆಯಿತ್ತು.