ಅವರವರ ಡಬ್ಬಿ, ಅವರವರ ಕೈಯಿಂದ

ಬೆಳಗಿನ ಆರು ಗಂಟೆ. ಮಸೂತಿ ಎಂಬ ಹಳ್ಳಿಯ ಒಂದು ಮನೆಯ ಅಂಗಳದಲ್ಲಿ ಕೋಮಲ ಕಾಯುತ್ತ ಕೂತಿದ್ದಾಳೆ. ಮುಂದಿರುವ ತಂಪು ಪೆಟ್ಟಿಗೆಯಲ್ಲಿ ಈ ಮನೆಯ ಮೂರು ಪುಟ್ಟ ಡಬ್ಬಿಗಳಿವೆ. ನಾಲ್ಕನೆಯದು ಸೊಸೆ ಯಲ್ಲವ್ವಳದು, ಇನ್ನೂ ಬಂದಿಲ್ಲ. ಅತ್ತೆ ಎರಡು ಸಲ ಚಹಾ ಕೊಟ್ಟು, ಮೂರು ಸಲ "ನಾಳೆ ಬರ್ರಿ" ಎಂದಿದ್ದಾಳೆ. ಕೋಮಲ ಚಹಾ ಕುಡಿದಿದ್ದಾಳೆ, ಎದ್ದಿಲ್ಲ.

ಡಬ್ಬಿಯಲ್ಲಿರುವುದು ಮಲ. ಮೂಗು ಮುಚ್ಚಿಕೊಳ್ಳುವವರು ಮುಚ್ಚಿಕೊಳ್ಳಲಿ. ದೊಡ್ಡ ಕರುಳಿನ ಕ್ಯಾನ್ಸರು ಎಷ್ಟೋ ಸಲ ಮೊದಲ ಸುಳಿವು ಕೊಡುವುದೇ ಅದರಲ್ಲಿ, ಕಣ್ಣಿಗೆ ಕಾಣದ ರಕ್ತವಾಗಿ. ಒಂದು ಸಂಶೋಧನಾ ಸಂಸ್ಥೆಗಾಗಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸುತ್ತುವ ಮೂವತ್ತೊಂಬತ್ತರ ಕೋಮಲ ನಾಲ್ಕು ವರ್ಷಗಳಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಡಬ್ಬಿ ಹೊತ್ತಿದ್ದಾಳೆ. ಬಸ್ಸಿನಲ್ಲಿ ಪಕ್ಕದವರು ಎದ್ದು ಹೋಗುತ್ತಾರೆ. "ನಮ್ಮ ಮನ್ಯಾಗ ಬುದ್ಧನ ಫೋಟೋ ಐತ್ರಿ. ಜಾತಿ ನೋಡಿ ಈ ಕೆಲಸ ಕೊಟ್ಟಾರೇನು ಅಂತ ಕೇಳಿದವರೂ ಅದಾರ. ಡಿಗ್ರಿ ನೋಡಿ ಕೊಟ್ಟಾರ ಅಂದೆ," ಎನ್ನುತ್ತಾಳೆ.

ಮೊದಲ ವರ್ಷ ಅವಳ ವಹಿಯಲ್ಲಿ ರೋಗ ಸಿಕ್ಕ ಐವರೂ ಅರವತ್ತು ದಾಟಿದವರು. ಕಳೆದ ವರ್ಷದ ಒಂಬತ್ತು ಮಂದಿಯಲ್ಲಿ ನಾಲ್ವರಿಗೆ ನಲವತ್ತೈದೂ ಆಗಿರಲಿಲ್ಲ: ಒಬ್ಬ ಮೇಷ್ಟ್ರು, ಆಲಮಟ್ಟಿಯ ಒಬ್ಬ ಕಾಲುವೆ ನೌಕರ, ಇಬ್ಬರು ಕೂಲಿಯವರು. ನಾಲ್ವರೂ ಗಂಡಸರೇ. ಹೆಂಗಸರಿಗೆ ಈ ರೋಗ ಕಡಿಮೆ ಎಂದು ಕೋಮಲಳೂ ನಂಬಿದ್ದಳು, ಅಗರಖೇಡದ ರೇಣವ್ವ ಸಾಯುವವರೆಗೆ.

ರೇಣವ್ವಳ ವಯಸ್ಸು ನಲವತ್ತೊಂದು. ಅವಳ ಡಬ್ಬಿಯಲ್ಲಿ ರಕ್ತವಿಲ್ಲ ಎಂದು ಚೀಟಿ ಬಂದಿತ್ತು. ಆಮೇಲೆ ರಕ್ತ ಬೀಳುವುದು ಕಂಡರೂ ಮೂಲವ್ಯಾಧಿ ಎಂದು ಮೂಲಂಗಿ ರಸ ಕುಡಿದಳು. ಹೊಟ್ಟೆ ಉಬ್ಬಿ ದವಾಖಾನೆ ಸೇರುವಷ್ಟರಲ್ಲಿ ರೋಗ ಪಿತ್ತಕೋಶಕ್ಕೂ ಯಕೃತ್ತಿಗೂ ಹಬ್ಬಿತ್ತು. ಮಣ್ಣು ಮಾಡಿ ಬಂದ ಗಂಡ ಚಂದ್ರಾಮ, ಚೀಟಿ ಹಿಡಿದು ನಿಂತ ಕೋಮಲಳಿಗೆ ಹೇಳಿದ: "ಅಕಿಗೆ ನಾಚಿಕಿ ಬಂತ್ರಿ. ಎರಡೂ ಡಬ್ಬಿ ನಂದ ಇತ್ರಿ."

"ಮನಿ ಡಬ್ಬಿ ಎಲ್ಲಾ ಒಬ್ಬರ ಕೈಯಾಗ ಇಸ್ಕೋತಿದ್ದೆ. ಗಂಡಸರು ಕೊಡೂರು, ನಾ ಹೆಸರು ಬರಕೊಳ್ಳಾಕಿ. ತಪ್ಪು ನಂದ್ರಿ," ಎನ್ನುತ್ತಾಳೆ ಕೋಮಲ. ಈಗ ಅವರವರ ಡಬ್ಬಿ ಅವರವರೇ ತಂದು ಕೈಗೆ ಕೊಡಬೇಕು. ಇದರಿಂದ ದಿನಕ್ಕೆ ಹನ್ನೆರಡು ಮನೆ ಆಗುತ್ತಿದ್ದದ್ದು ಐದಕ್ಕೆ ಇಳಿದಿದೆ. ಮೇಲಿನವರು ಸಿಡಿಮಿಡಿ ಎನ್ನುತ್ತಾರೆ. ಎನ್ನಲಿ.

ಏಳೂವರೆಗೆ ಯಲ್ಲವ್ವ ಹೊರಗೆ ಬರುತ್ತಾಳೆ. ಮೂವತ್ನಾಲ್ಕರ ಹೆಣ್ಣು, ಮುಖ ಬಿಳಿಚಿದೆ. ಸೆರಗಿನೊಳಗಿಂದ ಡಬ್ಬಿ ಕೊಟ್ಟು, ಅತ್ತೆಗೆ ಕೇಳದಂತೆ ಹೇಳುತ್ತಾಳೆ: "ಅಕ್ಕಾ, ಕಣ್ಣಿಗೆ ಕಾಣೂವಷ್ಟು ಬೀಳಾಕತ್ತೈತಿ. ಎಂಟು ತಿಂಗಳಾತು."

ಏನೂ ಆಗುವುದಿಲ್ಲ ಎಂದು ಕೋಮಲ ಹೇಳುವುದಿಲ್ಲ. "ಸೋಮವಾರ ದೊಡ್ಡ ದವಾಖಾನಿಗೆ ಹೋಗೂಣು. ನಾನೂ ಬರ್ತೇನಿ," ಎಂದು ಡಬ್ಬಿಯ ಮೇಲೆ ಹೆಸರು ಬರೆಯುತ್ತಾಳೆ.

ಬಸ್ ನಿಲ್ದಾಣದಲ್ಲಿ ಕೋಮಲ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಕೂರುತ್ತಾಳೆ. ನಿಮ್ಮ ಆಸೆಯೇನು ಎಂದು ಕೇಳಿದರೆ ಪೆಟ್ಟಿಗೆಯನ್ನು ಮಡಿಲಿಗೆ ಎಳೆದುಕೊಳ್ಳುತ್ತಾಳೆ.

"ಅಕಿ ಬಾಯಿಬಿಟ್ಟು ಹೇಳಿದಳಲ್ರಿ. ತಡ ಆಗಿರಬಾರ್ದು, ಅಷ್ಟ."